ಬೆಳ್ಳಿ ಮೊನೆಯಲ್ಲಿ ಸಾಸ್ಕಿಯಾ: ರೆಂಬ್ರಾಂಟ್‌ನ 1633ರ ಚಿತ್ರವನ್ನು ಓದುವುದು ಹೇಗೆ, ಆ ರೀತಿ ಬರೆಯುವುದು ಹೇಗೆ

ಪ್ರಶ್ನೆ: ಹುಲ್ಲಿನ ಹ್ಯಾಟು ತೊಟ್ಟ ಹೆಂಡತಿ ಸಾಸ್ಕಿಯಾಳನ್ನು ಡಚ್ ಚಿತ್ರಕಾರ ರೆಂಬ್ರಾಂಟ್ 1633ರಲ್ಲಿ ಬರೆದ ಪುಟ್ಟ ಚಿತ್ರದ ಮುದ್ರಿತ ಪ್ರತಿಯನ್ನು ನೋಡಿದೆ. ಅವರ ಮದುವೆ ಆದದ್ದು 1634ರಲ್ಲಿ. ಹಾಗಿದ್ದರೆ 1633ರ ಚಿತ್ರದ ಕೆಳಗೆ ‘ನನ್ನ ಹೆಂಡತಿ’ ಎಂದು ಹೇಗೆ ಬರೆದ? ಸಾಸ್ಕಿಯಾ ಎಂದು ಹೆಸರಿಟ್ಟ ಬೇರೆ ಬೇರೆ ಚಿತ್ರಗಳಲ್ಲಿ ಮುಖ ಒಂದೇ ಥರ ಇಲ್ಲವಲ್ಲ, ಯಾವುದನ್ನು ನಂಬುವುದು? ಇದು ಪೆನ್ಸಿಲ್ ಅಲ್ಲ, ಬೆಳ್ಳಿ ತಂತಿಯಲ್ಲಿ ಬರೆದದ್ದು ಎಂದು ಓದಿ, ನನ್ನ ಹೆಂಡತಿಯ ಚಿತ್ರವನ್ನೂ ಹಾಗೇ ಬರೆಯೋಣ ಎಂದು ಹೊರಟೆ. ಮೊದಲ ಸಲ ಗೆರೆಯೇ ಮೂಡಲಿಲ್ಲ. ಎರಡನೇ ಸಲ ಲೇಪವೇ ಕಿತ್ತುಬಂತು. ತಪ್ಪು ಎಲ್ಲಿ?

ಉತ್ತರ: ಮೊದಲು ಆ ಹಾಳೆಯ ಬಗ್ಗೆ ಹೇಳುತ್ತೇನೆ, ಯಾಕೆಂದರೆ ನಿಮ್ಮ ಮೂರೂ ಪ್ರಶ್ನೆಗಳಿಗೆ ದಾರಿ ಅಲ್ಲಿಂದಲೇ ಹೊರಡುತ್ತದೆ. ಅದರ ಎತ್ತರ 18.5 ಸೆಂಟಿಮೀಟರ್, ಅಗಲ 10.7. ಒಂದು ಪೋಸ್ಟ್‌ಕಾರ್ಡಿಗಿಂತ ಚೂರು ಉದ್ದ, ಅಷ್ಟೇ. ಇರುವುದು ಬರ್ಲಿನ್ನಿನ ಕುಪ್ಫರ್‌ಸ್ಟಿಶ್‌ಕಾಬಿನೆಟ್‌ನಲ್ಲಿ, ಅಂದರೆ ರೇಖಾಚಿತ್ರ ಮತ್ತು ಅಚ್ಚುಚಿತ್ರಗಳ ಸಂಗ್ರಹಾಲಯದಲ್ಲಿ. ಬರೆದದ್ದು ಕಾಗದದ ಮೇಲಲ್ಲ, ಪಾರ್ಚ್‌ಮೆಂಟ್ ಮೇಲೆ, ಅಂದರೆ ಹದ ಮಾಡಿದ ತೊಗಲಿನ ಮೇಲೆ. ಅದಕ್ಕೆ ಬಿಳಿಯ ಲೇಪ ಕೊಟ್ಟು, ಲೇಪದ ಮೇಲೆ ಬೆಳ್ಳಿಯ ಮೊನೆಯಿಂದ ಗೆರೆ ಎಳೆದಿದ್ದಾನೆ. ಅಗಲ ಅಂಚಿನ ಹ್ಯಾಟು, ಅದರ ಸುತ್ತ ಹೂವು. ಆಕೆ ಮುಂದಕ್ಕೆ ಒರಗಿಕೊಂಡು, ಒಂದು ಕೈಯನ್ನು ಮುಖಕ್ಕೆ ಆನಿಸಿದ್ದಾಳೆ. ಇನ್ನೊಂದು ಕೈಯಲ್ಲಿ ಒಂದು ಹೂವು. ಕೆಳಗೆ ನಾಲ್ಕಾರು ಸಾಲು ಬರಹ.

ಬರಹ ಡಚ್ ಭಾಷೆಯಲ್ಲಿದೆ. ಕನ್ನಡದಲ್ಲಿ ಹೀಗಾಗುತ್ತದೆ: ‘ಇದು ನನ್ನ ಹೆಂಡತಿಯನ್ನು ನೋಡಿ ಬರೆದ ರೂಪ, ಆಕೆಗೆ 21 ವರ್ಷವಾಗಿದ್ದಾಗ, ನಮ್ಮ ನಿಶ್ಚಿತಾರ್ಥದ ಮೂರನೆಯ ದಿನ, 8 ಜೂನ್ 1633.’ ಇದರಲ್ಲಿ ಮೂರು ತೊಡಕುಗಳಿವೆ. ನೀವು ಹಿಡಿದದ್ದು ಒಂದನ್ನು.

ಮೊದಲನೆಯದು ‘ನಿಶ್ಚಿತಾರ್ಥ’ ಎಂದು ನಾನು ಅನುವಾದಿಸಿದ ಮಾತು. ಮೂಲದಲ್ಲಿರುವ ‘ಖೆಟ್ರೌಟ್’ ಎಂಬ ಪದಕ್ಕೆ ಇಂದಿನ ಡಚ್ಚಿನಲ್ಲಿ ‘ಮದುವೆಯಾದ’ ಎಂದೇ ಅರ್ಥ. ಆದರೆ ಅದರ ಬೇರು ಮಾತು ಕೊಡುವುದು, ನಂಬಿಕೆ ಇಡುವುದು. 17ನೇ ಶತಮಾನದಲ್ಲಿ ಮದುವೆಯ ಮಾತು ಕೊಟ್ಟುಕೊಳ್ಳುವುದಕ್ಕೂ ಆ ಪದ ನಡೆಯುತ್ತಿತ್ತು, ಮತ್ತು ಆ ಮಾತು ಸುಲಭಕ್ಕೆ ಮುರಿಯುವಂಥದ್ದಾಗಿರಲಿಲ್ಲ. ಮಾತು ಗಟ್ಟಿಯಾದದ್ದು 1633ರ ಜೂನ್ 5ರಂದು, ಚಿತ್ರ ಮೂರು ದಿನದ ನಂತರ. ಚರ್ಚಿನಲ್ಲಿ ಮದುವೆಯಾದದ್ದು 1634ರಲ್ಲಿ, ಡಚ್ ನಾಡಿನ ಉತ್ತರದ ಪ್ರಾಂತ್ಯ ಫ್ರೀಸ್‌ಲ್ಯಾಂಡಿನ ಸಿಂಟ್ ಅನ್ನಾಪರೋಕಿ ಎಂಬ ಊರಲ್ಲಿ. ಆ ದಿನವನ್ನು ಕೆಲವರು ಜೂನ್ 22 ಎಂದೂ ಕೆಲವರು ಜುಲೈ 2 ಎಂದೂ ಬರೆಯುತ್ತಾರೆ. ಎರಡೂ ಸರಿ: ಫ್ರೀಸ್‌ಲ್ಯಾಂಡ್ ಆಗ ಹಳೆಯ (ಜೂಲಿಯನ್) ಪಂಚಾಂಗದಲ್ಲೇ ಇತ್ತು, ಆಮ್‌ಸ್ಟರ್‌ಡ್ಯಾಮ್ ಹೊಸದಕ್ಕೆ (ಗ್ರೆಗೋರಿಯನ್) ಬದಲಾಗಿತ್ತು, ನಡುವೆ ಹತ್ತು ದಿನದ ಅಂತರ. ಪುಸ್ತಕಗಳಲ್ಲಿ ಎರಡು ತಾರೀಕು ಕಂಡು ಗೊಂದಲವಾದರೆ ಕಾರಣ ಇಷ್ಟೇ.

ಎರಡನೆಯದು ವಯಸ್ಸು. ಸಾಸ್ಕಿಯಾ ಹುಟ್ಟಿದ್ದು 1612ರ ಆಗಸ್ಟ್ 2ರಂದು, ಲೀವಾರ್ಡನ್ ನಗರದಲ್ಲಿ. ಲೆಕ್ಕ ಹಾಕಿ: 1633ರ ಜೂನ್‌ನಲ್ಲಿ ಆಕೆಗೆ ತುಂಬಿದ್ದು 20 ಮಾತ್ರ. ಹಾಗೆಂದು ಇದು ದೊಡ್ಡ ತಪ್ಪಲ್ಲ. ಇಪ್ಪತ್ತು ತುಂಬಿ ಇಪ್ಪತ್ತೊಂದರಲ್ಲಿ ನಡೆಯುತ್ತಿದ್ದರೆ ಇಪ್ಪತ್ತೊಂದು ಎಂದೇ ಹೇಳುವ ರೂಢಿ ನಮಗೆ ಹೊಸದೇನಲ್ಲ.

ಮೂರನೆಯದು ‘ಹೆಂಡತಿ’ ಎಂಬ ಪದ ಮತ್ತು ವಾಕ್ಯದ ಕಾಲ. ‘ಆಕೆಗೆ 21 ಆಗಿದ್ದಾಗ’ ಎಂದು ಹಿಂದಿರುಗಿ ನೋಡುವ ಧಾಟಿ ಅದರಲ್ಲಿದೆ. ಮೂರು ದಿನದ ಹಿಂದೆ ಮಾತು ಕೊಟ್ಟವನು ಅದೇ ಮಧ್ಯಾಹ್ನ ಹೀಗೆ ಬರೆಯುವುದಿಲ್ಲ. ಚಿತ್ರವನ್ನು ಜೂನ್ 8ರಂದು ಬರೆದು, ಮದುವೆಯ ನಂತರ ಯಾವಾಗಲೋ ಬರಹ ಸೇರಿಸಿದ್ದಾನೆ ಎಂದು ಅನೇಕ ವಿದ್ವಾಂಸರು ಹೇಳುವುದು ಇದಕ್ಕೇ. ನನಗೂ ಅದೇ ಸರಿ ಅನ್ನಿಸುತ್ತದೆ. ಹಾಗೆ ಓದಿದರೆ ‘ಹೆಂಡತಿ’ಯೂ ಹೊಂದುತ್ತದೆ, ಒಂದು ವರ್ಷ ಆಚೀಚೆಯಾದ ವಯಸ್ಸೂ ಹೊಂದುತ್ತದೆ.

ಈ ಬರಹದಲ್ಲಿ ಇನ್ನೂ ಒಂದು ಪದವಿದೆ, ಬಹಳ ಜನ ಅದನ್ನು ದಾಟಿ ಹೋಗುತ್ತಾರೆ. ‘ನೋಡಿ ಬರೆದ ರೂಪ’ ಎಂದೆನಲ್ಲ, ಮೂಲದಲ್ಲಿ ಅದು ‘ಕಾಂಟರ್‌ಫೈಟ್’ ಎಂಬ ಮಾತು. ಒಬ್ಬ ನಿರ್ದಿಷ್ಟ ವ್ಯಕ್ತಿಯ ಹೋಲಿಕೆ ಹಿಡಿಯುವ ಚಿತ್ರಕ್ಕೆ ಬಳಸುತ್ತಿದ್ದ ಪದ. ಅದೇ ಕಾಲದಲ್ಲಿ ಡಚ್ ಚಿತ್ರಕಾರರು ‘ಟ್ರೋನಿ’ ಎಂಬ ಇನ್ನೊಂದು ಬಗೆಯನ್ನೂ ಬರೆಯುತ್ತಿದ್ದರು. ಅದರಲ್ಲಿ ಒಂದು ಮುಖ, ಒಂದು ವೇಷ, ಒಂದು ಭಾವ ಇರುತ್ತದೆ. ಯಾರನ್ನು ಕೂರಿಸಿ ಬರೆದದ್ದು ಎಂಬುದು ಕೊಳ್ಳುವವನಿಗೆ ಬೇಕಿರಲಿಲ್ಲ. ನಗುವ ಹುಡುಗಿ, ಪೇಟ ಸುತ್ತಿದ ಮುದುಕ, ಗರಿ ಸಿಕ್ಕಿಸಿದ ಸೈನಿಕ, ಇವೆಲ್ಲ ಟ್ರೋನಿಗಳು. ನಿಮ್ಮ ಎರಡನೇ ಪ್ರಶ್ನೆಯ ಉತ್ತರ ಈ ಎರಡು ಪದಗಳ ನಡುವೆ ಇದೆ.

ರೆಂಬ್ರಾಂಟ್ ಲೈಡನ್‌ನವನು, ಹುಟ್ಟಿದ್ದು 1606ರಲ್ಲಿ. 1631ರ ಸುಮಾರಿಗೆ ಆಮ್‌ಸ್ಟರ್‌ಡ್ಯಾಮಿಗೆ ಬಂದು ಹೆಂಡ್ರಿಕ್ ವಾನ್ ಔಲೆನ್‌ಬರ್ಗ್ ಎಂಬ ಚಿತ್ರವ್ಯಾಪಾರಿಯ ಕಾರ್ಯಾಗಾರದಲ್ಲಿ ಕೆಲಸ ಹಿಡಿದ. ಸಾಸ್ಕಿಯಾ ಈ ಹೆಂಡ್ರಿಕ್‌ನ ಚಿಕ್ಕಪ್ಪ-ದೊಡ್ಡಪ್ಪನ ಕಡೆಯ ತಂಗಿ. ಆಕೆಯ ತಂದೆ ರೊಂಬರ್ಟಸ್ ಲೀವಾರ್ಡನ್ನಿನ ನಗರಾಧ್ಯಕ್ಷನಾಗಿದ್ದವನು. 1584ರಲ್ಲಿ ಡೆಲ್ಫ್ಟ್‌ನಲ್ಲಿ ಡಚ್ಚರ ದಂಗೆಯ ನಾಯಕ, ಆರೆಂಜಿನ ವಿಲಿಯಮ್ ಗುಂಡಿಗೆ ಬಲಿಯಾದ ದಿನ ಅವನ ಜತೆ ಊಟಕ್ಕೆ ಕುಳಿತಿದ್ದವನು. ತಾಯಿ 1619ರಲ್ಲಿ, ತಂದೆ 1624ರಲ್ಲಿ ತೀರಿಕೊಂಡಿದ್ದರು. ಅಂದರೆ ನಿಶ್ಚಿತಾರ್ಥದ ಹೊತ್ತಿಗೆ ಆಕೆ ಒಳ್ಳೆಯ ಮನೆತನದ, ತಂದೆತಾಯಿ ಇಲ್ಲದ ಕಿರಿಮಗಳು.

ಇಲ್ಲೊಂದು ಎಚ್ಚರಿಕೆ. ದುಂಡುಮುಖದ, ಹೊಂಬಣ್ಣದ ಕೂದಲಿನ ಒಬ್ಬ ಹುಡುಗಿ ರೆಂಬ್ರಾಂಟ್‌ನ ಚಿತ್ರಗಳಲ್ಲಿ 1632ರಿಂದಲೇ ಕಾಣುತ್ತಾಳೆ. ಹಿಂದೆ ಕೆಲವರು ಆಕೆಯನ್ನು ಅವನ ತಂಗಿ ಎಂದು ಕರೆದರು, ಕೆಲವರು ಸಾಸ್ಕಿಯಾ ಎಂದರು. ಆ ಹೆಸರುಗಳಿಗೆ ಚಿತ್ರದಲ್ಲೇ ಇರುವ ಆಧಾರ ಯಾವುದೂ ಇಲ್ಲ. ಆ ಕಾಲದ ಕೆಲವು ಮುಖಗಳು ಒಂದನ್ನೊಂದು ಹೋಲುವುದು ಬರೆದ ಕೈ ಒಂದೇ ಆದದ್ದರಿಂದಲೂ ಇರಬಹುದು, ಕೂತವಳು ಒಬ್ಬಳೇ ಎಂದೇನಲ್ಲ. ಪ್ರತಿ ಚಿತ್ರಕಾರನ ಕೈಗೂ ಒಂದು ಮೂಗಿನ ಅಭ್ಯಾಸ, ಒಂದು ಕಣ್ರೆಪ್ಪೆಯ ಅಭ್ಯಾಸ ಇರುತ್ತದೆ.

ಆದ್ದರಿಂದ ಹೋಲಿಸುವಾಗ ಕ್ರಮ ತಪ್ಪಬಾರದು. ಅಳತೆಗೋಲು ಬರ್ಲಿನ್ ಹಾಳೆ ಮಾತ್ರ. ‘ಇವಳು ನನ್ನ ಹೆಂಡತಿ’ ಎಂದು ಅವನ ಕೈಯಲ್ಲೇ ಬರೆದದ್ದು ಇದು. ಎ ಚಿತ್ರ ಸಾಸ್ಕಿಯಾ, ಬಿ ಚಿತ್ರ ಎ ಥರ ಇದೆ, ಹಾಗಾಗಿ ಬಿ ಕೂಡ ಸಾಸ್ಕಿಯಾ, ಸಿ ಚಿತ್ರ ಬಿ ಥರ ಇದೆ ಎಂದು ಸರಪಳಿ ಹಾಕುತ್ತ ಹೋದರೆ ನಾಲ್ಕನೇ ಕೊಂಡಿಗೆ ಬೇರೆ ಹೆಂಗಸೇ ಬಂದು ಕೂತಿರುತ್ತಾಳೆ. ಪ್ರತಿ ಚಿತ್ರವನ್ನೂ ನೇರವಾಗಿ ಬರ್ಲಿನ್ ಹಾಳೆಯ ಪಕ್ಕಕ್ಕಿಟ್ಟೇ ನೋಡಬೇಕು. ನೋಡಬೇಕಾದದ್ದು ಕೂದಲು, ಒಡವೆ, ಉಡುಪಲ್ಲ, ಅವು ವೇಷ. ಕೆನ್ನೆಯ ದುಂಡು ಎಲ್ಲಿ ಶುರುವಾಗಿ ಎಲ್ಲಿ ಮುಗಿಯುತ್ತದೆ, ಬಾಯಿಯ ಅಗಲಕ್ಕೂ ಮೂಗಿನ ಅಗಲಕ್ಕೂ ಇರುವ ಪ್ರಮಾಣ, ಗದ್ದದಡಿಯ ಮೆದುವಾದ ಮಡಿಕೆ, ಇವನ್ನು ನೋಡಿ.

ಇದಾದ ಮೇಲೆ ನಾನು ನಂಬುವುದು 1636ರ ಎಚ್ಚಿಂಗ್ ಅನ್ನು. ರೆಂಬ್ರಾಂಟ್ ತಾನು ಮುಂದೆ ಕೂತು ಬರೆಯುತ್ತಿದ್ದಾನೆ, ಹಿಂದೆ ಹೆಂಡತಿ. ತನ್ನ ಪಕ್ಕ ತನ್ನ ಮನೆಯಲ್ಲಿ ಇನ್ನಾರನ್ನು ಕೂರಿಸಿಕೊಂಡಾನು? ಆದರೆ ಎಚ್ಚಿಂಗ್‌ನಲ್ಲಿ ತಗಡಿನ ಮೇಲೆ ಕೊರೆದದ್ದು ಕಾಗದದ ಮೇಲೆ ಎಡಬಲ ತಿರುಗಿ ಬರುತ್ತದೆ. ಹೋಲಿಸುವ ಮೊದಲು ಅದರ ಚಿತ್ರವನ್ನು ಕನ್ನಡಿಯಲ್ಲಿ ತಿರುಗಿಸಿಕೊಳ್ಳಿ. ಮುಖಗಳ ಎರಡು ಬದಿ ಎಂದೂ ಒಂದೇ ಥರ ಇರುವುದಿಲ್ಲ. ಇದನ್ನು ಮರೆತು ‘ಹೋಲುವುದಿಲ್ಲ’ ಎಂದು ತೀರ್ಮಾನ ಕೊಡುವವರು ಬಹಳ.

ಕಾಸೆಲ್ ನಗರದಲ್ಲಿರುವ, ಕೆಂಪು ಹ್ಯಾಟು ಮತ್ತು ಭಾರಿ ಉಡುಪಿನ ದೊಡ್ಡ ತೈಲಚಿತ್ರ ಸಾಸ್ಕಿಯಾಳದೇ ಎನ್ನುವುದನ್ನು ಬಹುತೇಕ ಎಲ್ಲರೂ ಒಪ್ಪುತ್ತಾರೆ. ಓಕ್ ಹಲಗೆಯ ಮೇಲೆ ಮದುವೆಯ ಆಸುಪಾಸಿನಲ್ಲಿ ಶುರುಮಾಡಿದ್ದು, ಕೈಯಾಡಿಸಿ ಮುಗಿಸುವ ಹೊತ್ತಿಗೆ ಸುಮಾರು 1642. ಸಾಸ್ಕಿಯಾ ತೀರಿಕೊಂಡದ್ದು ಆ ವರ್ಷದ ಜೂನ್ 14ರಂದು, ಇನ್ನೂ 30 ತುಂಬದೆ. ಇದು ಪೂರ್ತಿ ಪಕ್ಕನೋಟ, ಹಾಗಾಗಿ ಮುಂಭಾಗದ ಮುಖದೊಂದಿಗೆ ಹೋಲಿಸುವಾಗ ಹಣೆ, ಮೂಗು, ಗದ್ದದ ಎತ್ತರಗಳ ಅಂತರವನ್ನಷ್ಟೇ ಅಳೆಯಿರಿ.

ಡ್ರೆಸ್ಡನ್ನಿನಲ್ಲಿರುವ 1633ರ ನಗುಮುಖ, ಗರಿಯ ಹ್ಯಾಟಿನ ನೆರಳು ಕಣ್ಣಿನ ಮೇಲೆ ಬಿದ್ದು ಹಲ್ಲು ಕಾಣುವ ಚಿತ್ರ, ನನ್ನ ಲೆಕ್ಕದಲ್ಲಿ ಟ್ರೋನಿ. ಕೂತವಳು ಸಾಸ್ಕಿಯಾಳೇ ಇರಬಹುದು, ಆದರೆ ಚಿತ್ರದ ಉದ್ದೇಶ ಆಕೆಯ ಹೋಲಿಕೆಯಲ್ಲ. ನಗುವಾಗ ಮುಖದ ಸ್ನಾಯು ಏನಾಗುತ್ತದೆ, ಅರೆನೆರಳು ಹೇಗೆ ಬೀಳುತ್ತದೆ ಎಂಬುದು. ರಷ್ಯಾದ ಹರ್ಮಿಟೇಜ್ ಸಂಗ್ರಹಾಲಯದ 1634ರ ಫ್ಲೋರಾ, ಲಂಡನ್ ನ್ಯಾಷನಲ್ ಗ್ಯಾಲರಿಯ 1635ರ ಫ್ಲೋರಾ, ಎರಡೂ ಹೂವಿನ ದೇವತೆಗಳು. ಲಂಡನ್ನಿನದನ್ನು ಎಕ್ಸ್-ರೇ ಮಾಡಿದಾಗ ಅಡಿಯಲ್ಲಿ ಬೇರೆಯೇ ಕಥೆ ಸಿಕ್ಕಿತು: ಅದು ಮೊದಲು, ಶತ್ರು ಸೇನಾಪತಿ ಹೊಲೊಫರ್ನಿಸ್‌ನ ತಲೆ ಕತ್ತರಿಸಿ ಹಿಡಿದ ಬೈಬಲ್ ಕಥೆಯ ಜೂಡಿತ್ ಆಗಿತ್ತು. ಕತ್ತಿ ಹಿಡಿದವಳು ಹೂವು ಹಿಡಿದವಳಾದಾಗ ಮುಖ ಮಾತ್ರ ಹೆಂಡತಿಯ ಪಡಿಯಚ್ಚಾಗಿ ಉಳಿದಿರಬೇಕು ಎಂದು ನಿರೀಕ್ಷಿಸುವುದೇ ಸರಿಯಲ್ಲ. ನಿಮಗೆ ಮುಖಗಳು ಬೇರೆ ಬೇರೆ ಕಂಡದ್ದು ನಿಮ್ಮ ಕಣ್ಣಿನ ದೋಷವಲ್ಲ.

ಈಗ ಬೆಳ್ಳಿಯ ವಿಷಯ. ರೆಂಬ್ರಾಂಟ್‌ನ ರೇಖಾಚಿತ್ರಗಳು ನೂರಾರು ಉಳಿದಿವೆ. ಹೆಚ್ಚಿನವು ಲೇಖನಿ, ಶಾಯಿ, ಕುಂಚ, ಸೀಮೆಸುಣ್ಣದಂಥ ಚಾಕ್‌ಗಳಲ್ಲಿ. ಬೆಳ್ಳಿ ಮೊನೆಯವು ಬೆರಳೆಣಿಕೆಯಷ್ಟು. ಆ ಪದ್ಧತಿ ಆಗಲೇ ಹಳತಾಗಿತ್ತು. ಜರ್ಮನ್ ಚಿತ್ರಕಾರ ಡ್ಯೂರರ್ 13ನೇ ವಯಸ್ಸಿನಲ್ಲಿ, 1484ರಲ್ಲಿ, ತನ್ನ ಮುಖವನ್ನು ಬರೆದುಕೊಂಡದ್ದು ಇದರಲ್ಲೇ. ಹಾರ್ಲೆಮ್‌ನ ಚಿತ್ರಕಾರ ಗೋಲ್ಟ್‌ಸಿಯಸ್ ರೆಂಬ್ರಾಂಟ್‌ಗಿಂತ ಒಂದು ತಲೆಮಾರು ಮೊದಲು ಇದರಲ್ಲಿ ಸಣ್ಣ ಸಣ್ಣ ಭಾವಚಿತ್ರಗಳನ್ನು ಬರೆದಿದ್ದ. 1633ರಲ್ಲಿ ಇದು ಹೆಚ್ಚಾಗಿ ಉಳಿದಿದ್ದು ಜೇಬುಪುಸ್ತಕಗಳಲ್ಲಿ. ಲೇಪ ಕೊಟ್ಟ ಪಾರ್ಚ್‌ಮೆಂಟಿನ ಪುಟಗಳು, ಜತೆಗೊಂದು ಲೋಹದ ಕಡ್ಡಿ. ಶಾಯಿ ಬೇಡ, ಪ್ರಯಾಣಕ್ಕೆ ಅನುಕೂಲ, ಮತ್ತು ಬೇಡವಾದಾಗ ಒದ್ದೆ ಬೆರಳಲ್ಲಿ ಒರೆಸಿ ಮತ್ತೆ ಬರೆಯಬಹುದು. ಸಾಸ್ಕಿಯಾಳ ಚಿತ್ರ ಅಂಥ ಪುಸ್ತಕದ ಹಾಳೆಯೇ ಇರಬೇಕು ಎಂಬ ಊಹೆ ಬಲವಾಗಿದೆ. ಒರೆಸುವುದಕ್ಕೆಂದೇ ಇದ್ದ ಹಾಳೆಯನ್ನು ಒರೆಸದೆ ಉಳಿಸಿ, ಮೇಲೆ ತಾರೀಕು ಹಾಕಿ ಇಟ್ಟಿದ್ದಾನೆ ಎಂಬುದನ್ನು ನೆನೆದರೆ ಆ ಬರಹದ ತೂಕ ಹೆಚ್ಚುತ್ತದೆ.

ನಿಮ್ಮ ಕೈಯಲ್ಲಿ ಕೆಟ್ಟದ್ದಕ್ಕೆ ಕಾರಣ ತಿಳಿಯಲು ಒಂದೇ ತತ್ವ ಸಾಕು: ಬೆಳ್ಳಿ ಬರೆಯುವುದಿಲ್ಲ, ಸವೆಯುತ್ತದೆ. ಕೆಳಗಿನ ಲೇಪ ಅರದಂತೆ ತಂತಿಯನ್ನು ಉಜ್ಜಿ, ಅದರ ಕಣಗಳನ್ನು ಹಿಡಿದಿಟ್ಟುಕೊಂಡಾಗ ಮಾತ್ರ ಗೆರೆ. ಹಾಗಾಗಿ ಲೇಪದ ಪುಡಿ ಬೆಳ್ಳಿಗಿಂತ ಗಟ್ಟಿಯಾಗಿರಲೇಬೇಕು. ಖನಿಜಗಳ ಗಡಸನ್ನು ಅಳೆಯುವ ಮೋಸ್ ಮಾಪಕದಲ್ಲಿ ಬೆಳ್ಳಿ 2.5ರಿಂದ 3. ಬರಿಯ ಚಾಕ್ ಕೂಡ 3, ಅಂದರೆ ಎರಡೂ ಸಮ ಸಮ, ಗೆರೆ ಮಂಕು. ಸತುವಿನ ಬಿಳಿ 4ರ ಮೇಲೆ, ಮೂಳೆ ಬೂದಿ ಸುಮಾರು 5, ಟೈಟೇನಿಯಂ ಬಿಳಿ ಅದಕ್ಕೂ ಮೇಲೆ. ಹಳಬರು ಮೂಳೆ ಸುಟ್ಟು ಬೂದಿ ಅರೆಯುತ್ತಿದ್ದುದು ಇದಕ್ಕೇ.

ಮೊದಲ ಸಲ ಗೆರೆ ಮೂಡದೇ ಇದ್ದದ್ದಕ್ಕೆ ಮೂರರಲ್ಲಿ ಒಂದು ಕಾರಣ. ಲೇಪವಿಲ್ಲದ ಬರಿ ಕಾಗದದ ಮೇಲೆ ಎಳೆದಿರಬೇಕು. ಇಲ್ಲವೇ ಲೇಪದಲ್ಲಿ ಅಂಟು ಹೆಚ್ಚಾಗಿ ಪುಡಿಯ ಕಣಗಳನ್ನೆಲ್ಲ ಮುಚ್ಚಿ ಮೇಲ್ಮೈ ಗಾಜಿನಂತೆ ನಯವಾಗಿರಬೇಕು; ಅಕ್ರಿಲಿಕ್ ಜೆಸ್ಸೊವನ್ನು (ಚಿತ್ರಕ್ಕೆ ಮೊದಲು ಬಳಿಯುವ ಸಿದ್ಧ ಬಿಳಿ ಲೇಪ) ದಪ್ಪಗೆ ಬಳಿದಾಗಲೂ ಹೀಗೇ ಆಗುತ್ತದೆ. ಇಲ್ಲವೇ ತಂತಿಯೇ ಸರಿಯಿಲ್ಲ: ಕರಕುಶಲ ಕೆಲಸಕ್ಕೆ ಸಿಗುವ ಬೆಳ್ಳಿ ಬಣ್ಣದ ತಂತಿ ಅನೇಕ ಸಲ ತಾಮ್ರದ ಮೇಲೆ ತೆಳು ಲೋಹದ ಪದರ ಕೊಟ್ಟದ್ದು, ಮೇಲೊಂದು ಲ್ಯಾಕರ್ ಪದರ ಬೇರೆ. ಲ್ಯಾಕರ್ ಇರುವ ತನಕ ಗೆರೆಯೇ ಬರದು, ಅದು ಸವೆದರೆ ತಾಮ್ರ ಬರೆಯುತ್ತದೆ.

ಎರಡನೇ ಸಲ ಲೇಪ ಕಿತ್ತುಬಂದದ್ದು ಇದರ ತದ್ವಿರುದ್ಧ: ಅಂಟು ಸಾಲದು, ಅಥವಾ ಒಂದೇ ಸಲಕ್ಕೆ ದಪ್ಪ ಬಳಿದದ್ದು, ಅಥವಾ ಒಳಗೆ ಒಣಗಿರಲಿಲ್ಲ. ಇದಕ್ಕೆ ಜತೆಯಾಗುವ ಇನ್ನೊಂದು ತಪ್ಪಿದೆ. ಕತ್ತರಿಸಿದ ತಂತಿಯ ತುದಿಯಲ್ಲಿ ಕಣ್ಣಿಗೆ ಕಾಣದ ಚೂಪು ಅಂಚು ಉಳಿದಿರುತ್ತದೆ, ಅದು ನೇಗಿಲಿನಂತೆ ಲೇಪವನ್ನು ಉಳುತ್ತದೆ. ಗೆರೆ ಕಪ್ಪಾಗಲಿ ಎಂದು ನೀವು ಒತ್ತಿರಲೂಬಹುದು. ಬೆಳ್ಳಿಯಲ್ಲಿ ಒತ್ತಿದರೆ ಕಪ್ಪು ಬರುವುದಿಲ್ಲ, ಗುಂಡಿ ಬರುತ್ತದೆ.

ಹೀಗೆ ಮಾಡಿ. ಹತ್ತಿಯ, ನಯ ಮೇಲ್ಮೈಯ, 300 ಜಿಎಸ್‌ಎಂ ಜಲವರ್ಣ ಕಾಗದ ತೆಗೆದುಕೊಳ್ಳಿ. ಪಾರ್ಚ್‌ಮೆಂಟ್ ಈಗಲೇ ಬೇಡ, ಅದು ಗಾಳಿಯ ತೇವಕ್ಕೆ ಮುದುಡುತ್ತದೆ. ಕಾಗದದ ನಾಲ್ಕೂ ಅಂಚನ್ನು ಹಲಗೆಗೆ ಟೇಪಿನಿಂದ ಅಂಟಿಸಿ. ಸತುವಿನ ಬಿಳಿ ಅಥವಾ ಟೈಟೇನಿಯಂ ಬಿಳಿ ಗುವಾಶ್ (ಅಡಿ ಕಾಣದಂತೆ ಮುಚ್ಚುವ ಜಲವರ್ಣ) ಬಣ್ಣಕ್ಕೆ ನೀರು ಬೆರೆಸಿ ತೆಳು ಕೆನೆಯ ಹದಕ್ಕೆ ತನ್ನಿ. ನೀರು ಹೆಚ್ಚಾದಷ್ಟೂ ಅಂಟು ಬಲಗುಂದುತ್ತದೆ, ಆದ್ದರಿಂದ ಎರಡು ಚಮಚ ಮಿಶ್ರಣಕ್ಕೆ ನಾಲ್ಕೈದು ಹನಿ ಗಮ್ ಅರಾಬಿಕ್ ದ್ರಾವಣ ಸೇರಿಸಿ. ಅಗಲವಾದ ಮೆದು ಕುಂಚದಲ್ಲಿ ಮೊದಲ ಕೋಟು ಅಡ್ಡಡ್ಡ, ಪೂರ್ತಿ ಒಣಗಿದ ಮೇಲೆ ಎರಡನೆಯದು ಉದ್ದುದ್ದ, ಮೂರನೆಯದು ಮತ್ತೆ ಅಡ್ಡ. ಮೂರು ಸಾಕು, ನಾಲ್ಕು ಹೆಚ್ಚೆಂದರೆ. ಒಂದೊಂದು ಕೋಟಿನಡಿಯೂ ಕಾಗದ ಮಸುಕಾಗಿ ಕಾಣುವಷ್ಟು ತೆಳುವಾಗಿರಲಿ. ಕಡೆಯ ಕೋಟು ಒಣಗಿದ ಮೇಲೆ 600 ನಂಬರಿನ ಸ್ಯಾಂಡ್‌ಪೇಪರನ್ನು ಕೈಭಾರವಿಲ್ಲದೆ ಒಮ್ಮೆ ಆಡಿಸಿ, ಪುಡಿಯನ್ನು ಒಣಕುಂಚದಲ್ಲಿ ಕೊಡವಿ. ಒಂದು ದಿನ ಪೂರ್ತಿ ಬಿಟ್ಟು ಮುಟ್ಟಿ.

ಹಳೆಯ ಪದ್ಧತಿಯೇ ಬೇಕೆಂದರೆ ಮೊಲದ ಚರ್ಮದ ಅಂಟು 10 ಗ್ರಾಂ, ನೀರು 150 ಮಿಲಿಲೀಟರ್. ರಾತ್ರಿ ನೆನೆಸಿ, ಬೆಳಿಗ್ಗೆ ಬಿಸಿನೀರಿನ ಪಾತ್ರೆಯೊಳಗೆ ಇನ್ನೊಂದು ಪಾತ್ರೆಯಿಟ್ಟು ಕರಗಿಸಿ; ಶಾಖ 60 ಡಿಗ್ರಿ ದಾಟಬಾರದು, ಕುದಿದರೆ ಅಂಟಿನ ಹಿಡಿತ ಹೋಗುತ್ತದೆ. ಅದಕ್ಕೆ ನುಣ್ಣಗೆ ಜರಡಿ ಹಿಡಿದ ಮೂಳೆ ಬೂದಿಯನ್ನು ಚೂರು ಚೂರೇ ಉದುರಿಸುತ್ತ ಕೆನೆಯ ಹದ ಬರುವವರೆಗೆ ಕಲಸಿ, ಬಟ್ಟೆಯಲ್ಲಿ ಸೋಸಿ ಬೆಚ್ಚಗಿರುವಾಗಲೇ ಬಳಿಯಿರಿ. ಬೂದಿ ಜರಡಿ ಹಿಡಿಯುವಾಗ ಮೂಗಿಗೆ ಮಾಸ್ಕ್ ಇರಲಿ. ಹಳೆಯ ಪಾಕಗಳಲ್ಲಿ ಬರುವ ಸೀಸದ ಬಿಳಿ ವಿಷ, ಅದರ ತಂಟೆಗೆ ಹೋಗಬೇಡಿ.

ಯಾವ ಲೇಪವಾದರೂ ಚಿತ್ರಕ್ಕೆ ಮೊದಲು ಅದೇ ಕಾಗದದ ಎರಡು ಬೆರಳಗಲದ ಪಟ್ಟಿಯ ಮೇಲೆ ಪರೀಕ್ಷೆ ಮಾಡಿ. ಒಣಬೆರಳಿಂದ ಉಜ್ಜಿದಾಗ ಬೆರಳಿಗೆ ಬಿಳಿ ಹತ್ತಿದರೆ ಅಂಟು ಸಾಲದು. ತಂತಿ ಜಾರಿದರೆ ಅಂಟು ಜಾಸ್ತಿ. ತಂತಿ ಎಳೆದಾಗ ಸಣ್ಣಗೆ, ಒಣ ಎಲೆಯ ಮೇಲೆ ಉಗುರೆಳೆದಂಥ ಸದ್ದು ಕೇಳಿ, ನೂಲಿನಂಥ ಬೂದುಗೆರೆ ಕಂಡರೆ ಹದ ಸರಿಯಾಗಿದೆ ಎಂದರ್ಥ.

ತಂತಿ ಶೇಕಡಾ 99.9 ಶುದ್ಧ ಬೆಳ್ಳಿಯದಾಗಿರಲಿ, ದಪ್ಪ 0.9 ಮಿಲಿಮೀಟರ್. ಅದೇ ಅಳತೆಯ ಸೀಸ ಹಾಕುವ ಮೆಕ್ಯಾನಿಕಲ್ ಪೆನ್ಸಿಲಿನಲ್ಲಿ ಕೂರುತ್ತದೆ. ಹೊರಗೆ 3ರಿಂದ 4 ಮಿಲಿಮೀಟರ್ ಚಾಚಿರಲಿ, ಹೆಚ್ಚಾದರೆ ಬಾಗುತ್ತದೆ. ತುದಿಯನ್ನು 600, ಆಮೇಲೆ 1000 ನಂಬರಿನ ಸ್ಯಾಂಡ್‌ಪೇಪರಿನ ಮೇಲೆ ಪೆನ್ಸಿಲನ್ನು ತಿರುಗಿಸುತ್ತ ಉಜ್ಜಿ, ಸಾಸಿವೆಯ ಹೊಟ್ಟೆಯಂತೆ ಗುಂಡಗೆ ಮಾಡಿ. ಕಣ್ಣು ಮುಚ್ಚಿ ಬೆರಳ ತುದಿಗೆ ತಾಗಿಸಿದರೆ ಚುಚ್ಚಬಾರದು.

ಬರೆಯುವಾಗ ನೆನಪಿಡಬೇಕಾದದ್ದು ಬೆಳ್ಳಿಯ ಮಿತಿ. ಬಿಳಿಯಿಂದ ನಡುಬೂದಿಯವರೆಗೆ ಮಾತ್ರ ಅದರ ವ್ಯಾಪ್ತಿ, ಕಪ್ಪು ಎಂಬುದು ಅಲ್ಲಿಲ್ಲ. ಹ್ಯಾಟಿನ ಆಯ್ಕೆ ಎಷ್ಟು ಜಾಣತನದ್ದು ಎಂದು ಇಲ್ಲಿ ಗೊತ್ತಾಗುತ್ತದೆ. ಅಗಲ ಅಂಚಿನಡಿ ಮುಖದ ಮೇಲರ್ಧಕ್ಕೆ ಬೀಳುವುದು ಗಾಢ ನೆರಳಲ್ಲ, ಕೆಳಗಿನಿಂದ ತಿರುಗಿ ಬಂದ ಬೆಳಕು ತುಂಬಿದ ಅರೆನೆರಳು. ಬೆಳ್ಳಿಗೆ ಹೇಳಿಮಾಡಿಸಿದ ಛಾಯೆ ಅದು. ನಿಮ್ಮ ಹೆಂಡತಿಯನ್ನೂ ಒಂದು ಬದಿಯ ಕಿಟಕಿಯ ಬೆಳಕಲ್ಲಿ ಕೂರಿಸಿ, ತಲೆಗೆ ಅಗಲ ಅಂಚಿನದೇನಾದರೂ ಇರಲಿ, ಮುಂದೆ ಮೇಜಿನ ಮೇಲೆ ಬಿಳಿಬಟ್ಟೆ ಹಾಸಿ. ಬಟ್ಟೆ ಬೆಳಕನ್ನು ಮುಖಕ್ಕೆ ಹಿಂದಿರುಗಿಸುತ್ತದೆ. ಕಪ್ಪು ಹಿನ್ನೆಲೆ, ದೀಪದ ಚೂಪು ನೆರಳು, ಎರಡೂ ಇಲ್ಲಿ ಕೈಕೊಡುತ್ತವೆ.

ಮೊದಲ ಸುತ್ತಿನಲ್ಲಿ ಪೆನ್ಸಿಲಿನ ಸ್ವಂತ ತೂಕವೇ ಗೆರೆ ಎಳೆಯಲಿ, ಕೈಯ ಭಾರ ಬೇಡ. ಆ ಗೆರೆ ಓರೆಯಾಗಿ ನೋಡಿದರಷ್ಟೇ ಕಾಣಬೇಕು. ತಲೆಯ ವಾಲಿಕೆ, ಹ್ಯಾಟಿನ ಅಂಚಿನ ಮೊಟ್ಟೆಯಾಕಾರ, ಕಣ್ಣುಗಳ ಸಾಲು, ಮೊಣಕೈ ಊರಿದ ಜಾಗ, ಇಷ್ಟು ಸಾಕು. ಇಲ್ಲಿ ತಪ್ಪಿದ ಗೆರೆಯನ್ನು ಹಾಗೇ ಬಿಟ್ಟು ಪಕ್ಕದಲ್ಲಿ ಸರಿಯಾದದ್ದನ್ನು ಎಳೆಯಿರಿ, ಮೇಲಿನ ಪದರಗಳಲ್ಲಿ ಅದು ಕರಗುತ್ತದೆ. ಒದ್ದೆ ಕುಂಚದಿಂದ ಅಳಿಸಲು ಹೋದರೆ ಗುವಾಶ್ ಲೇಪವೂ ಏಳುತ್ತದೆ. ಮತ್ತೆ ಬಳಿದ ತೇಪೆ ಬೇರೆ ದಪ್ಪದ್ದಾಗಿ, ಅದರ ಮೇಲಿನ ಗೆರೆ ಬೇರೆ ಬಣ್ಣ ತೋರಿಸುತ್ತದೆ.

ಛಾಯೆ ತುಂಬಲು ಒಂದೇ ದಿಕ್ಕಿನ ಒತ್ತೊತ್ತಾದ ಗೆರೆಗಳು, ಅದರ ಮೇಲೆ 20 ಡಿಗ್ರಿಯಷ್ಟು ಮಾತ್ರ ತಿರುಗಿಸಿದ ಇನ್ನೊಂದು ಸಾಲು. ನೇರ ಅಡ್ಡಕ್ಕೆ ಗೆರೆ ಹಾಕಿದರೆ ಕೆನ್ನೆಯ ಮೇಲೆ ಸೊಳ್ಳೆಪರದೆ ಹೊದಿಸಿದಂತೆ ಕಾಣುತ್ತದೆ. ಒಂದೇ ಜಾಗದಲ್ಲಿ ನಾಲ್ಕೈದು ಪದರ ಆದಮೇಲೆ ಹಾಳೆಯನ್ನು ಬೆಳಕಿಗೆ ಓರೆ ಹಿಡಿದು ನೋಡಿ. ಲೋಹದ ಮಿಂಚು ಕಂಡರೆ ಲೇಪದ ಅರ ತುಂಬಿಹೋಗಿದೆ, ಇನ್ನು ಎಷ್ಟು ಉಜ್ಜಿದರೂ ಕಪ್ಪಾಗುವುದಿಲ್ಲ, ಹಾಕಿದ್ದೂ ಏಳುತ್ತದೆ. ಅಲ್ಲಿಗೆ ನಿಲ್ಲಿಸಿ. ಅಂಗೈ ಎಂದೂ ಹಾಳೆಗೆ ತಾಗಬಾರದು, ಜಿಡ್ಡು ತಾಗಿದ ಜಾಗದಲ್ಲಿ ಬೆಳ್ಳಿ ಹಿಡಿಯುವುದಿಲ್ಲ. ಕೈಯಡಿ ಒಂದು ಒಣಕಾಗದ ಇಟ್ಟುಕೊಳ್ಳಿ.

ಕೆನ್ನೆಗೆ ಕೈ ಆನಿಸಿದ ಭಂಗಿಯಲ್ಲಿ ಸೋಲುವವರೇ ಹೆಚ್ಚು, ಹಾಗಾಗಿ ಇದನ್ನು ಬಿಡಿಸಿ ಹೇಳುತ್ತೇನೆ. ತಲೆಯ ಭಾರ ಕೈಮೇಲೆ ಬಿದ್ದಾಗ ಆ ಬದಿಯ ಕೆನ್ನೆ ಮೇಲಕ್ಕೆ ಸರಿಯುತ್ತದೆ, ಕಣ್ಣಿನ ಹೊರತುದಿ ಚೂರು ಕಿರಿದಾಗುತ್ತದೆ, ಬಾಯಿಯ ಅಂಚು ಒಂದು ಎಳೆಯಷ್ಟು ಎಳೆದುಕೊಳ್ಳುತ್ತದೆ. ಮುಖವನ್ನು ಮೊದಲು ಮುಗಿಸಿ ಕೈಯನ್ನು ಆಮೇಲೆ ಸೇರಿಸಿದರೆ ಕತ್ತರಿಸಿ ಅಂಟಿಸಿದ ಕೈಯಂತಾಗುವುದು ಖಂಡಿತ. ಕೈ, ಕೆನ್ನೆ, ಕಣ್ಣಂಚು ಮೂರನ್ನೂ ಒಂದೇ ಕೂರುವಿಕೆಯಲ್ಲಿ, ಒಟ್ಟಿಗೇ ಬರೆಯಿರಿ. 20 ನಿಮಿಷಕ್ಕೊಮ್ಮೆ ಬಿಡುವು ಕೊಡಿ. ಅವರು ಏಳುವ ಮೊದಲು ಮೊಣಕೈ ಇದ್ದ ಜಾಗಕ್ಕೆ ಮೇಜಿನ ಮೇಲೆ ಟೇಪಿನ ಗುರುತು ಹಾಕಿಕೊಳ್ಳಿ. ದಣಿದ ಕೈ ಮುಷ್ಟಿಯಾಗುತ್ತದೆ, ಕೆನ್ನೆಯ ಆಕಾರ ಬದಲಾಗುತ್ತದೆ. ಕಣ್ಣಿನ ಪಾಪೆ, ಮೂಗಿನ ಹೊಳ್ಳೆ, ತುಟಿಗಳ ನಡುವಿನ ಗೆರೆ, ಬೆರಳು ಕೆನ್ನೆಗೆ ತಾಗುವ ಸಂದು, ಈ ನಾಲ್ಕು ಗಾಢ ಜಾಗಗಳನ್ನು ಕಟ್ಟಕಡೆಗೆ ಇಟ್ಟುಕೊಳ್ಳಿ. ಬೆಳಕಿನ ಜಾಗಕ್ಕೆ ಬಿಳಿ ಹಚ್ಚಬೇಡಿ, ಲೇಪವನ್ನೇ ಖಾಲಿ ಬಿಡಿ.

ಮುಗಿದಾಗ ಗೆರೆ ತಣ್ಣನೆಯ ಬೂದು ಬಣ್ಣದಲ್ಲಿರುತ್ತದೆ. ಗಾಳಿಯಲ್ಲಿನ ಗಂಧಕದ ಅಂಶ ಬೆಳ್ಳಿಯೊಂದಿಗೆ ಸೇರಿ ಸಿಲ್ವರ್ ಸಲ್ಫೈಡ್ ಆಗುತ್ತ, ವಾರಗಳಲ್ಲೋ ತಿಂಗಳುಗಳಲ್ಲೋ ಅದು ಬೆಚ್ಚನೆಯ ಕಂದಿಗೆ ತಿರುಗುತ್ತದೆ. ಅವಸರಪಟ್ಟು ಗಂಧಕದ ಹೊಗೆ ಕೊಡಲು ಹೋಗಬೇಡಿ, ಬಣ್ಣ ತೇಪೆ ತೇಪೆಯಾಗಿ ಏರುತ್ತದೆ. ಚಿತ್ರ ಉದುರದಂತೆ ಹೊಡೆಯುವ ಫಿಕ್ಸೆಟಿವ್ ಸ್ಪ್ರೇ ಕೂಡ ಬೇಡ. ಬೆಳ್ಳಿ ಉದುರುವುದಿಲ್ಲ, ಸ್ಪ್ರೇಯಿಂದ ಲೇಪದ ಮ್ಯಾಟ್ ಗುಣ ಹೋಗುತ್ತದೆ. ಚೌಕಟ್ಟು ಹಾಕುವಾಗ ಆಮ್ಲರಹಿತ ಮೌಂಟ್ ಬಳಸಿ, ಗಾಜು ಚಿತ್ರಕ್ಕೆ ತಾಗದಂತೆ 3 ಮಿಲಿಮೀಟರ್ ಅಂತರವಿಡಿ. ಉಣ್ಣೆಯ ಫೆಲ್ಟ್, ರಬ್ಬರ್ ಪಟ್ಟಿಗಳನ್ನು ಒಳಗೆ ಸೇರಿಸಬೇಡಿ, ಅವುಗಳಿಂದ ಗಂಧಕ ಹೊಮ್ಮುತ್ತದೆ.

ಕಾಗದ ಕತ್ತರಿಸುವಾಗಲೇ ಕೆಳಗೆ 3 ಸೆಂಟಿಮೀಟರ್ ಹೆಚ್ಚಿಗೆ ಬಿಟ್ಟು, ಅಲ್ಲಿಗೂ ಲೇಪ ಕೊಡಿ. ರೆಂಬ್ರಾಂಟ್ ತನ್ನ ಬರಹದಲ್ಲಿ ‘ನನ್ನ ಹೆಂಡತಿ’ ಎಂದನೇ ಹೊರತು ಸಾಸ್ಕಿಯಾ ಎಂದು ಎಲ್ಲೂ ಬರೆಯಲಿಲ್ಲ. ಹೆಸರು ನಮಗೆ ಸಿಕ್ಕಿದ್ದು ಮದುವೆಯ ದಾಖಲೆಗಳಿಂದ. ನೀವು ಹೆಸರು ಬರೆಯಿರಿ, ವಯಸ್ಸು ತುಂಬಿದ್ದೋ ನಡೆಯುತ್ತಿರುವುದೋ ಎಂದೂ ಬರೆಯಿರಿ, ತಾರೀಕು ಚಿತ್ರ ಬರೆದ ದಿನದ್ದೇ ಇರಲಿ. ಅಕ್ಷರವನ್ನೂ ಅದೇ ತಂತಿಯಲ್ಲಿ ಬರೆಯಬಹುದು, ಆದರೆ ಮೊದಲು ಪರೀಕ್ಷೆಯ ಪಟ್ಟಿಯ ಮೇಲೆ ಎರಡು ಸಾಲು ಬರೆದು ನೋಡಿ. ಕನ್ನಡದ ದುಂಡಕ್ಷರಗಳಿಗೆ ಬೆಳ್ಳಿ ಚೆನ್ನಾಗಿ ಒಗ್ಗುತ್ತದೆ; ತಲೆಕಟ್ಟು ಎಳೆಯುವಾಗ ಮಾತ್ರ ಕೈ ತಾನಾಗಿ ಒತ್ತುತ್ತದೆ, ಲೇಪ ಕೀಳುವುದು ಆಗಲೇ.